ದೊಡ್ಡ ಹುದ್ದೆಗೆ ಬಂದ ಹೊಸಬರು ಹೊಂದಿಕೊಳ್ಳುತ್ತಿಲ್ಲವೇ? ಲಕ್ಷಣ ನೋಡಿ ದೋಷ ಹುಡುಕುವ ಕೈಪಿಡಿ

ತಿಂಗಳುಗಟ್ಟಲೆ ಹುಡುಕಿ, ನಾಲ್ಕಾರು ಸುತ್ತು ಇಂಟರ್‌ವ್ಯೂ ಮಾಡಿ, ಕೇಳಿದಷ್ಟು ಸಂಬಳ ಕೊಟ್ಟು ಒಬ್ಬ ಮುಖ್ಯಸ್ಥರನ್ನು ತಂದಿದ್ದೀರಿ. ಈಗ ಏನೋ ಸರಿಯಿಲ್ಲ ಅನ್ನಿಸುತ್ತಿದೆ. ಇದೇ ಅಂತ ಬೆರಳಿಟ್ಟು ತೋರಿಸಲು ಆಗುತ್ತಿಲ್ಲ. ಇಂಥ ಹೊತ್ತಿನಲ್ಲಿ ಮೊದಲು ಕೇಳಿಬರುವ ಮಾತು "ಆಯ್ಕೆಯಲ್ಲೇ ಎಡವಿದೆವು" ಅನ್ನುವುದು. ಅದು ನಿಜವೂ ಇರಬಹುದು. ಆದರೆ ಎಲ್ಲಕ್ಕಿಂತ ದುಬಾರಿ ತೀರ್ಮಾನ ಅದು, ಹಾಗಾಗಿ ಅದನ್ನು ಕೊನೆಗೆ ಇಟ್ಟುಕೊಳ್ಳಿ. ಅದಕ್ಕೆ ಮುಂಚೆ ನೋಡಬೇಕಾದ ಅಗ್ಗದ ಕಾರಣಗಳು ಬಹಳ ಇವೆ. ನನ್ನ ಅನುಭವದಲ್ಲಿ ಅವುಗಳಲ್ಲಿ ಹೆಚ್ಚಿನವು ಹೊಸಬರ ಒಳಗಿರುವುದಿಲ್ಲ, ಅವರ ಸುತ್ತ ಇರುತ್ತವೆ.

ಮಾಲೀಕರು, ಮೇಲಧಿಕಾರಿಗಳು, ಎಚ್‌ಆರ್‌ನವರು, ಯಾರೇ ಆಗಲಿ, ನಿಮ್ಮ ಕಣ್ಣಿಗೆ ಬಿದ್ದ ಲಕ್ಷಣ ಯಾವುದೋ ಆ ಭಾಗದಿಂದ ಓದಬಹುದು. ಪ್ರತಿ ಭಾಗದಲ್ಲೂ ಸುಲಭದ ತಪಾಸಣೆ ಮೊದಲು ಬರುತ್ತದೆ.

ಕೈ ಹಾಕುವ ಮುಂಚೆ

ಮೊದಲ ಕೆಲವು ವಾರ ನಿಧಾನವಾಗಿರುವುದು ದೋಷವಲ್ಲ. ಒಂದೇ ಪ್ರಶ್ನೆಯನ್ನು ಎರಡು ಸಲ ಕೇಳುವುದು, ಹೆಸರು ತಪ್ಪು ಹೇಳುವುದು, ಚಿಕ್ಕ ತೀರ್ಮಾನಕ್ಕೂ ಒಂದು ದಿನ ತೆಗೆದುಕೊಳ್ಳುವುದು, ಇವೆಲ್ಲ ಇದ್ದದ್ದೇ. ಆ ಹೊತ್ತಿಗೆ ಏನನ್ನೂ ಕೇಳದೆ ಎಲ್ಲ ಗೊತ್ತಿರುವಂತೆ ನಡೆಯುವವರ ಬಗ್ಗೆಯೇ ನನಗೆ ಜಾಸ್ತಿ ಯೋಚನೆ ಆಗುತ್ತದೆ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಅಧಿಕಾರ ಹೆಚ್ಚಿಸಿ, ತಂಡ ಬದಲಿಸಿ, ಗುರಿಯನ್ನೂ ಇಳಿಸಿದರೆ ಯಾವುದರಿಂದ ಸರಿಹೋಯಿತು ಅಂತ ತಿಳಿಯುವುದಿಲ್ಲ.

ಎಚ್ಚರಿಕೆ: ಅವರ ಕೈಕೆಳಗಿನವರನ್ನು ಒಬ್ಬೊಬ್ಬರನ್ನಾಗಿ ಕರೆದು "ಹೊಸಬರು ಹೇಗಿದ್ದಾರೆ?" ಅಂತ ಗುಟ್ಟಾಗಿ ಕೇಳಬೇಡಿ. ನೀವು ಕೇಳಿದ್ದು ಸಂಜೆಯೊಳಗೆ ಇಡೀ ಆಫೀಸಿಗೆ ಗೊತ್ತಾಗಿರುತ್ತದೆ. ಮರುದಿನದಿಂದ ಅವರ ಮಾತಿಗೆ ಅರ್ಧ ಬೆಲೆ. ಅವರ ಮೇಲ್, ಚಾಟ್ ಕದ್ದು ಓದುವುದಂತೂ ಬೇಡವೇ ಬೇಡ. ನಂಬಿಕೆಯ ಜೊತೆಗೆ ಅದು ಕಾನೂನಿನ ವಿಷಯವೂ ಹೌದು.

ಲಕ್ಷಣ: ವಾರಗಳು ಕಳೆದರೂ ಕೆಲಸ ಶುರುವಾದಂತೆ ಕಾಣುತ್ತಿಲ್ಲ

ಫ್ಯಾನ್ ತಿರುಗದಿದ್ದರೆ ಮೊದಲು ಸ್ವಿಚ್ ನೋಡುತ್ತೇವೆ, ಮೋಟಾರು ಬಿಚ್ಚುವುದಿಲ್ಲ. ಇಲ್ಲೂ ಹಾಗೆಯೇ. ಅರ್ಧ ಗಂಟೆ ಅವರ ಪಕ್ಕ ಕೂತು, ಅವರ ಕಂಪ್ಯೂಟರಿನಲ್ಲೇ ಕೆಲವನ್ನು ತೆರೆಯಲು ಹೇಳಿ: ಹಿಂದಿನ ವರ್ಷದ ಬಜೆಟ್ ಶೀಟ್, ಗ್ರಾಹಕರ ದೂರುಗಳ ಪಟ್ಟಿ, ತಂಡದವರ ರಜೆ ಮಂಜೂರು ಮಾಡುವ ಪುಟ, ನಡೆಯುತ್ತಿರುವ ಒಪ್ಪಂದಗಳ ಫೋಲ್ಡರ್. ಯಾರನ್ನೂ ಕೇಳದೆ ಎಷ್ಟು ಹಣದವರೆಗೆ ಅವರು ಸಹಿ ಹಾಕಬಹುದು ಅಂತ ಕೇಳಿ. ವಾರದ ಮೀಟಿಂಗ್‌ಗಳ ಆಹ್ವಾನ ಅವರಿಗೆ ಬರುತ್ತಿದೆಯೇ? ಕೆಲಸ ನಿಜವಾಗಿ ನಡೆಯುವ ಚಾಟ್ ಗ್ರೂಪಿನಲ್ಲಿ ಅವರಿದ್ದಾರೆಯೇ?

ಇದು ತೀರಾ ಸಣ್ಣ ವಿಷಯ ಅನ್ನಿಸಬಹುದು. ಆದರೆ ದೊಡ್ಡ ಹುದ್ದೆಯವರು ಸಣ್ಣ ತೊಂದರೆ ಹೇಳಿಕೊಳ್ಳುವುದೇ ಇಲ್ಲ. ಇಷ್ಟು ದೊಡ್ಡ ಜಾಗಕ್ಕೆ ಬಂದು ಪಾಸ್‌ವರ್ಡ್‌ಗೆ ಅಲೆಯುವುದೇ ಅನ್ನೋ ಮುಜುಗರ. ಹೊಸ ಗುಮಾಸ್ತರಿಗೆ ಎಚ್‌ಆರ್ ಬಳಿ ಒಂದು ಪಟ್ಟಿ ಇರುತ್ತದೆ. ಹೊಸ ಉಪಾಧ್ಯಕ್ಷರಿಗೆ ಹೂಗುಚ್ಛ ಇರುತ್ತದೆ, ಪಟ್ಟಿ ಇರುವುದಿಲ್ಲ.

ಏನೂ ತೆರೆಯದಿದ್ದರೆ ಅದು ಕಚೇರಿಯ ಕೆಲಸ, ಅವತ್ತೇ ಮುಗಿಸಿ. ಎಲ್ಲ ತೆರೆಯುತ್ತದೆ, ಆದರೆ ಯಾವುದು ಎಲ್ಲಿದೆ ಅನ್ನುವುದು ತಿಳಿಯದಿದ್ದರೆ ಹಳಬರಿಂದ ಕೆಲಸ ಸರಿಯಾಗಿ ಕೈ ಬದಲಾಗಿಲ್ಲ ಅಂತ ಅರ್ಥ. ಹಿಂದೆ ಆ ಕುರ್ಚಿಯಲ್ಲಿದ್ದವರು ಮನಸ್ತಾಪವಿಲ್ಲದೆ ಹೋಗಿದ್ದರೆ ಅವರ ಜೊತೆ ಎರಡು ಗಂಟೆ ಮಾತಾಡಿಸಿ. ಫೈಲಿನಲ್ಲಿ ಇಲ್ಲದ್ದು ಅಲ್ಲಿ ಸಿಗುತ್ತದೆ: ಯಾವ ಗ್ರಾಹಕರಿಗೆ ಏನು ಮಾತು ಕೊಟ್ಟಿದ್ದೇವೆ, ಯಾವ ಕೆಲಸ ಯಾಕೆ ಅರ್ಧಕ್ಕೆ ನಿಂತಿದೆ.

ಎರಡೂ ಸರಿಯಿದ್ದು ಕೆಲಸ ಮಾತ್ರ ಸಾಗದಿದ್ದರೆ ಕಾಗದದ ಪರೀಕ್ಷೆ ಮಾಡಿ. ಮೊದಲ ಮೂರು ತಿಂಗಳಲ್ಲಿ ಆಗಲೇಬೇಕಾದ ಮೂರು ಕೆಲಸಗಳನ್ನು ನೀವು ಒಂದು ಹಾಳೆಯಲ್ಲಿ ಬರೆಯಿರಿ, ಅವರು ಇನ್ನೊಂದರಲ್ಲಿ ಬರೆಯಲಿ. ಆಮೇಲೆ ಪಕ್ಕಪಕ್ಕ ಇಟ್ಟು ನೋಡಿ. ಒಂದೂ ಹೊಂದದಿದ್ದರೆ ಇಂಟರ್‌ವ್ಯೂನಲ್ಲಿ ಹೇಳಿದ ಕೆಲಸ ಬೇರೆ, ಇಲ್ಲಿರುವ ಕೆಲಸ ಬೇರೆ. ಹೊಸ ಮಾರುಕಟ್ಟೆ ಕಟ್ಟಲು ಅಂತ ಕರೆತಂದವರನ್ನು ಬಾಕಿ ವಸೂಲಿಗೆ ಕೂರಿಸಿದರೆ ಅವರು ಎಷ್ಟೇ ಜಾಣರಾದರೂ ಮಂಕಾಗಿಯೇ ಕಾಣುತ್ತಾರೆ. ಇದಕ್ಕೆ ಬೇರೆ ಮದ್ದಿಲ್ಲ. ಕೆಲಸ ಬದಲಾಗಿದೆ ಅಂತ ಒಪ್ಪಿಕೊಂಡು, ಹೊಸದಾಗಿ ಮಾತಾಡಿ, ಬರೆದಿಡಬೇಕು.

ಲಕ್ಷಣ: ಮೀಟಿಂಗ್‌ನಲ್ಲಿ ಬಾಯಿ ಬಿಡುವುದೇ ಇಲ್ಲ

ಇಂಟರ್‌ವ್ಯೂನಲ್ಲಿ ಅರಳು ಹುರಿದಂತೆ ಮಾತಾಡಿದವರು ಈಗ ಯಾಕೆ ಮೌನ? ಕೊನೆಯ ನಾಲ್ಕೈದು ಮುಖ್ಯ ತೀರ್ಮಾನಗಳನ್ನು ನೆನಪಿಸಿಕೊಳ್ಳಿ. ಅವು ನಿಜವಾಗಿ ಎಲ್ಲಿ ಆದವು? ಹಳಬರು ಹಿಂದಿನ ಸಂಜೆಯೇ ಫೋನಿನಲ್ಲಿ ಮಾತಾಡಿ ಮುಗಿಸಿ, ಮೀಟಿಂಗ್‌ನಲ್ಲಿ ಸುಮ್ನೆ ಓದಿ ಹೇಳಿದ್ದಾದರೆ ಹೊಸಬರು ಮಾತಾಡಲು ಅಲ್ಲಿ ಏನೂ ಉಳಿದಿರುವುದಿಲ್ಲ. ಆ ಹಿಂದಿನ ಸಂಜೆಯ ಮಾತಿಗೆ ಅವರನ್ನೂ ಸೇರಿಸಿ. ಮೌನ ಎಷ್ಟು ಬೇಗ ಒಡೆಯುತ್ತದೆ ನೋಡಿ.

ಒಳಗಿನ ಸಂಕೇತ ಭಾಷೆಯೂ ಒಂದು ಕಾರಣ. ಹಳೇ ಯೋಜನೆಗಳ ಅಡ್ಡಹೆಸರು, ಎರಡಕ್ಷರದ ಚುಟುಕು ಹೆಸರು, "ಆವತ್ತು ಆದಂಗೆ ಆಗಬಾರದು" ಅನ್ನೋ ಮಾತು. ಆವತ್ತು ಏನಾಯಿತು ಅಂತ ಹೊಸಬರಿಗೆ ಯಾರೂ ಹೇಳಿರುವುದಿಲ್ಲ. ಮೀಟಿಂಗ್ ಆದ ಮೇಲೆ ಹತ್ತು ನಿಮಿಷ ಬಿಡಿಸಿ ಹೇಳಲು ಒಬ್ಬ ಹಳಬರನ್ನು ಜೊತೆ ಮಾಡಿ. ಆ ಹಳಬರು ಹೊಸಬರ ಮೇಲಧಿಕಾರಿಯೂ ಆಗಿರಬಾರದು, ಕೈಕೆಳಗಿನವರೂ ಆಗಿರಬಾರದು. ದಡ್ಡ ಪ್ರಶ್ನೆ ಕೇಳಲು ಆಗ ಮಾತ್ರ ಧೈರ್ಯ ಬರುತ್ತದೆ.

ಇಷ್ಟಾದ ಮೇಲೂ ಮೌನವೇ ಆದರೆ ಒಬ್ಬರೇ ಇದ್ದಾಗ ನೇರವಾಗಿ ಕೇಳಿ. ಒಮ್ಮೆ ಮಾತಾಡಿ ಎಲ್ಲರ ಮುಂದೆ ಪೆಟ್ಟು ತಿಂದಿರಬಹುದು. ಆ ಪೆಟ್ಟು ಕೊಟ್ಟವರು ನೀವೇ ಇರಬಹುದು.

ಲಕ್ಷಣ: ತಂಡದವರು ಅವರನ್ನು ದಾಟಿ ನಿಮ್ಮ ಬಳಿಗೇ ಬರುತ್ತಾರೆ

ಇದು ಬಹಳ ಕಡೆ ಇರುತ್ತದೆ. ಕಾರಣ ಹುಡುಕಲು ದೂರ ಹೋಗಬೇಕಿಲ್ಲ, ನಿಮ್ಮ ಫೋನ್ ಸಾಕು. ಕಳೆದ ಎರಡು ವಾರದಲ್ಲಿ ಆ ತಂಡದವರಿಂದ ನೇರವಾಗಿ ಬಂದ ಮೆಸೇಜ್‌ಗಳನ್ನು ನೋಡಿ. ಎಷ್ಟಕ್ಕೆ ನೀವೇ ಉತ್ತರ ಕೊಟ್ಟಿರಿ? ಎಷ್ಟನ್ನು "ಅವರನ್ನೇ ಕೇಳಿ" ಅಂತ ತಿರುಗಿಸಿದಿರಿ? ನೀವೇ ಉತ್ತರ ಕೊಟ್ಟದ್ದು ಜಾಸ್ತಿ ಇದ್ದರೆ ದೋಷ ಸಿಕ್ಕಿತು. ಹೊಸಬರಿಗೆ ಕುರ್ಚಿ ಕೊಟ್ಟಿದ್ದೀರಿ, ಕೆಲಸ ಬಿಟ್ಟುಕೊಟ್ಟಿಲ್ಲ.

ಬಿಟ್ಟುಕೊಡುವುದು ಸುಲಭವಲ್ಲ, ಅದರಲ್ಲೂ ಸಂಸ್ಥೆಯನ್ನು ಕೈಯಾರೆ ಕಟ್ಟಿದವರಿಗೆ. ಹುಡುಗರು ಬಂದು ಕೇಳಿದಾಗ ಒಂದು ನಿಮಿಷದಲ್ಲಿ ಉತ್ತರ ಕೊಟ್ಟುಬಿಟ್ಟರೆ ಎಲ್ಲರಿಗೂ ಖುಷಿ. ಆದರೆ ಅಂಥ ಪ್ರತಿ ಉತ್ತರವೂ ಹೊಸ ಮುಖ್ಯಸ್ಥರ ಹತ್ತಿರ ಹೋಗಬೇಕಾಗಿಲ್ಲ ಅಂತ ಹೇಳಿಕೊಡುತ್ತದೆ. ಎರಡು ವಾರ ಪ್ರತಿ ಪ್ರಶ್ನೆಯನ್ನೂ ತಿರುಗಿಸಿ ಕಳಿಸಿ ನೋಡಿ. ಖರ್ಚಿಲ್ಲದ ಪರೀಕ್ಷೆ. ಮೊದಲ ವಾರ ಗೊಣಗಾಟ ಇರುತ್ತದೆ, ಎರಡನೆಯ ವಾರ ದಾರಿ ಬದಲಾಗಬೇಕು.

ಬದಲಾಗದಿದ್ದರೆ ಯಾರು ಏನನ್ನು ತೀರ್ಮಾನಿಸಬಹುದು ಅನ್ನುವುದು ಸ್ಪಷ್ಟವಿಲ್ಲ. ಒಂದು ಪುಟದಲ್ಲಿ ಬರೆದುಬಿಡಿ: ಇವು ಅವರೇ ತೀರ್ಮಾನಿಸುವಂಥವು, ಇವು ತೀರ್ಮಾನಿಸಿ ನಿಮಗೆ ತಿಳಿಸುವಂಥವು, ಇವು ನಿಮ್ಮನ್ನು ಕೇಳಿಯೇ ಮಾಡುವಂಥವು. ಕೆಲಸಕ್ಕೆ ತೆಗೆದುಕೊಳ್ಳುವುದು, ತೆಗೆದುಹಾಕುವುದು, ರಿಯಾಯಿತಿ ಕೊಡುವುದು, ಗಡುವು ಮುಂದೂಡುವುದು, ಈ ನಾಲ್ಕು ಆ ಪುಟದಲ್ಲಿ ಇರಲೇಬೇಕು. ಜಗಳ ಹುಟ್ಟುವುದು ಹೆಚ್ಚಾಗಿ ಇವುಗಳಲ್ಲೇ. ಆ ಪುಟವನ್ನು ತಂಡಕ್ಕೂ ತೋರಿಸಿ. ಮೇಜಿನ ಡ್ರಾಯರ್‌ನಲ್ಲಿಟ್ಟ ಅಧಿಕಾರ ಅಧಿಕಾರವಲ್ಲ.

ಯಾರು ಯಾರಿಗೆ ವರದಿ ಮಾಡುತ್ತಾರೆ ಅನ್ನುವ ತೊಡಕು ದೊಡ್ಡವರನ್ನೂ ಬಿಟ್ಟಿಲ್ಲ. 1995ರಲ್ಲಿ ಡಿಸ್ನಿ ಕಂಪನಿ ಹಾಲಿವುಡ್‌ನ ಹೆಸರಾಂತ ಏಜೆಂಟ್ ಮೈಕೆಲ್ ಓವಿಟ್ಜ್ ಅವರನ್ನು ಅಧ್ಯಕ್ಷರನ್ನಾಗಿ ತಂದಿತು. ನೇಮಕದ ಹೊತ್ತಿನಲ್ಲೇ ಹಣಕಾಸು ಮುಖ್ಯಸ್ಥರು, ಕಾನೂನು ಮುಖ್ಯಸ್ಥರು ಇಬ್ಬರೂ ತಾವು ಓವಿಟ್ಜ್‌ಗೆ ವರದಿ ಮಾಡುವುದಿಲ್ಲ, ಸಿಇಒ ಮೈಕೆಲ್ ಐಸ್ನರ್‌ಗೇ ಮಾಡುತ್ತೇವೆ ಅಂದರು. ಐಸ್ನರ್ ಒಪ್ಪಿಕೊಂಡರು. ಹೀಗೆ ಹುದ್ದೆ ದೊಡ್ಡದು, ಅಧಿಕಾರ ಮೊದಲ ದಿನದಿಂದಲೇ ಮೊಟಕು. ವರ್ಷ ಕಳೆಯುವುದರೊಳಗೆ ಸಂಬಂಧ ಹಳಸಿತು. 1996ರ ಡಿಸೆಂಬರ್‌ನಲ್ಲಿ ಓವಿಟ್ಜ್ ಹೊರಬಿದ್ದರು. ಅವರಿಗೆ ಸಿಕ್ಕ ಪರಿಹಾರ ಸುಮಾರು 13 ಕೋಟಿ ಡಾಲರ್. ಷೇರುದಾರರು ಕೇಸು ಹಾಕಿ ಸೋತರು. ಆದರೆ ಆ ಕೇಸಿನಿಂದಾಗಿ ಈ ಕಥೆಯೆಲ್ಲ ಅಮೆರಿಕದ ಡೆಲವೇರ್ ರಾಜ್ಯದ ಕೋರ್ಟಿನ 2005ರ ತೀರ್ಪಿನಲ್ಲಿ ದಾಖಲಾಯಿತು. ಅವರು ಹೋಗಲು ಅದೊಂದೇ ಕಾರಣ ಅಂತ ನಾನು ಹೇಳುತ್ತಿಲ್ಲ. ಆದರೆ ಅಂಥ ಷರತ್ತಿಗೆ ಒಪ್ಪಿದ ಮೇಲೆ ನೇಮಕವನ್ನೇ ನಿಲ್ಲಿಸಿ ಯೋಚಿಸಬೇಕಿತ್ತು.

ತಂಡದಲ್ಲಿ ಒಬ್ಬರೇ ಪದೇ ಪದೇ ದಾಟಿ ಬರುತ್ತಿದ್ದರೆ ಇನ್ನೊಂದನ್ನು ನೋಡಿ. ಅವರು ಅದೇ ಹುದ್ದೆಗೆ ಆಸೆಪಟ್ಟಿದ್ದರೇ? ಸಿಗಲಿಲ್ಲ ಅಂತ ಅವರಿಗೆ ಯಾರು, ಹೇಗೆ ಹೇಳಿದರು? ಎಷ್ಟೋ ಕಡೆ ಯಾರೂ ಹೇಳಿರುವುದಿಲ್ಲ, ಸ್ವಾಗತದ ಮೇಲ್ ಓದಿ ತಿಳಿದುಕೊಂಡಿರುತ್ತಾರೆ. ಅವರೊಂದಿಗೆ ಮಾತಾಡಬೇಕಾದವರು ನೀವು. ಆ ಕೆಲಸವನ್ನು ಹೊಸಬರ ತಲೆಗೆ ಕಟ್ಟಬೇಡಿ.

ಲಕ್ಷಣ: ಮಾತೆತ್ತಿದರೆ "ನಮ್ಮ ಹಿಂದಿನ ಕಂಪನಿಯಲ್ಲಿ..."

ಕೇಳಿ ಕೇಳಿ ತಂಡಕ್ಕೆ ರೇಗುತ್ತದೆ. ಆದರೆ ಇದರಲ್ಲಿ ಎರಡು ಬಗೆ ಇದೆ. "ಅಲ್ಲಿ ಹೀಗೆ ಮಾಡುತ್ತಿದ್ದೆವು, ಇಲ್ಲಿ ಯಾಕೆ ಬೇರೆ?" ಅನ್ನುವುದು ಕಲಿಯುವವರ ಪ್ರಶ್ನೆ. ಉತ್ತರ ಕೊಟ್ಟರೆ ತಾನಾಗಿ ನಿಲ್ಲುತ್ತದೆ. "ಅಲ್ಲಿ ಹೀಗಿತ್ತು, ಇಲ್ಲೂ ಹೀಗೇ ಆಗಬೇಕು" ಅನ್ನುವುದು ಬೇರೆ. ಮೊದಲನೆಯದನ್ನು ಎರಡನೆಯದು ಅಂದುಕೊಂಡು ಬಾಯಿ ಮುಚ್ಚಿಸಿಬಿಟ್ಟರೆ ನೀವು ಹಣ ಕೊಟ್ಟು ತಂದ ಹೊರಗಿನ ಕಣ್ಣನ್ನು ನೀವೇ ಮುಚ್ಚಿದಂತೆ.

ಎರಡನೆಯ ಬಗೆ ಆದರೆ ಸಣ್ಣದಾಗಿ ಮಾಡಿ ತೋರಿಸಲು ಹೇಳಿ. ಒಂದು ಶಾಖೆ, ಒಂದು ತಂಡ, ಒಂದು ತಿಂಗಳು. ಒಪ್ಪಿದರೆ ಚಿಂತೆಯಿಲ್ಲ. "ಪರೀಕ್ಷೆ ಯಾಕೆ, ಇದು ಕೆಲಸ ಮಾಡೇ ಮಾಡುತ್ತೆ" ಅಂದರೆ ಅಲ್ಲಿ ನಿಲ್ಲಿಸಿ. ಅಮೆರಿಕದ ಜೆಸಿ ಪೆನ್ನಿ ಅಂಗಡಿ ಸರಪಳಿಗೆ 2011ರ ನವೆಂಬರ್‌ನಲ್ಲಿ ರಾನ್ ಜಾನ್ಸನ್ ಸಿಇಒ ಆಗಿ ಬಂದರು. ಆಪಲ್‌ನ ಅಂಗಡಿಗಳನ್ನು ಕಟ್ಟಿ ಗೆದ್ದವರು. ಕೆಲವೇ ತಿಂಗಳಲ್ಲಿ ಕೂಪನ್, ರಿಯಾಯಿತಿ ಮಾರಾಟಗಳನ್ನು ಬಹುಪಾಲು ಕಿತ್ತುಹಾಕಿ ಒಂದೇ ಬೆಲೆ ಪದ್ಧತಿ ತಂದರು. ಕೆಲವು ಅಂಗಡಿಗಳಲ್ಲಿ ಮೊದಲು ಮಾಡಿ ನೋಡಲಿಲ್ಲ, ಎಲ್ಲ ಕಡೆ ಒಟ್ಟಿಗೇ ತಂದರು. ಅಲ್ಲಿನ ಗಿರಾಕಿಗಳು ಬರುತ್ತಿದ್ದದ್ದೇ ರಿಯಾಯಿತಿಗೆ. 2012ರಲ್ಲಿ ಮಾರಾಟ ಸುಮಾರು ಶೇ. 25ರಷ್ಟು ಕುಸಿಯಿತು. 2013ರ ಏಪ್ರಿಲ್‌ನಲ್ಲಿ ಜಾನ್ಸನ್ ಹೊರಹೋದರು. ಜಾನ್ಸನ್ ದಡ್ಡರಾಗಿರಲಿಲ್ಲ. ತಡೆದು "ಒಂದು ಕಡೆ ಮಾಡಿ ನೋಡೋಣ" ಅನ್ನುವವರು ಇರಬೇಕಿತ್ತು, ಮತ್ತು ಅದು ಅವರನ್ನು ತಂದವರ ಕೆಲಸವಾಗಿತ್ತು.

ಲಕ್ಷಣ: ಅಲ್ಲಿ ಮಿಂಚಿದವರು ಇಲ್ಲಿ ಮಂಕು

ಪ್ರಯತ್ನ ಕಾಣುತ್ತಿದೆ, ನಡತೆಯೂ ಚೆನ್ನ, ಫಲ ಮಾತ್ರ ಬರುತ್ತಿಲ್ಲ. ಹಾರ್ವರ್ಡ್‌ನ ಬೋರಿಸ್ ಗ್ರಾಯ್ಸ್‌ಬರ್ಗ್ ಮತ್ತು ಜೊತೆಗಾರರು ಅಮೆರಿಕದ ಹೂಡಿಕೆ ಬ್ಯಾಂಕುಗಳ 1,052 ತಾರಾ ಷೇರು ವಿಶ್ಲೇಷಕರ 1988ರಿಂದ 1996ರವರೆಗಿನ ದಾಖಲೆ ನೋಡಿದ್ದರು. ಕಂಪನಿ ಬದಲಿಸಿದವರಲ್ಲಿ ಶೇ. 46ರಷ್ಟು ಮಂದಿ ಮರುವರ್ಷ ಕಳಪೆ ಸಾಧನೆ ತೋರಿದರು. ತಮ್ಮ ತಂಡವನ್ನೂ ಜೊತೆಗೆ ಕರೆದುಕೊಂಡು ಹೋದವರು ಒಬ್ಬರೇ ಹೋದವರಿಗಿಂತ ಚೆನ್ನಾಗಿ ನಿಂತರು. ಅಂದರೆ ನಾವು ಒಬ್ಬರ ಪ್ರತಿಭೆ ಅಂದುಕೊಂಡದ್ದರಲ್ಲಿ ಒಂದು ಪಾಲು ಹಳೆಯ ಸಂಸ್ಥೆಯದ್ದು. ಅಲ್ಲಿನ ಸಹಾಯಕರು, ಮಾಹಿತಿ, ಹೆಸರು ಯಾವುದೂ ಅವರ ಜೊತೆ ಬರುವುದಿಲ್ಲ.

ಆದ್ದರಿಂದ "ಅಲ್ಲಿ ಒಂದು ವಾರದ ಕೆಲಸ ಹೇಗೆ ನಡೆಯುತ್ತಿತ್ತು, ಯಾರು ಏನು ಮಾಡಿಕೊಡುತ್ತಿದ್ದರು?" ಅಂತ ಬಿಡಿಸಿ ಕೇಳಿ. ಲೆಕ್ಕ ತೆಗೆದುಕೊಡಲು ಅಲ್ಲಿ ಇಬ್ಬರಿದ್ದು ಇಲ್ಲಿ ಅವರೇ ರಾತ್ರಿ ಕೂತು ತೆಗೆಯುತ್ತಿದ್ದರೆ, ನೀವು ಮುಖ್ಯಸ್ಥರ ಸಂಬಳ ಕೊಟ್ಟು ಸಹಾಯಕರ ಕೆಲಸ ಮಾಡಿಸುತ್ತಿದ್ದೀರಿ. ಒಬ್ಬ ಸಹಾಯಕರನ್ನು ಕೊಟ್ಟು ನೋಡಿ. ಅದರಿಂದಲೂ ಆಗದಿದ್ದರೆ ಆಗ ಅವರ ಸಾಮರ್ಥ್ಯದ ಪ್ರಶ್ನೆಗೆ ಬರಬಹುದು.

ಲಕ್ಷಣ: ಕೇಳಿದಾಗಲೆಲ್ಲ "ಎಲ್ಲ ಚೆನ್ನಾಗಿದೆ"

ನನಗೆ ಇದೇ ಜಾಸ್ತಿ ಭಯ. ಶಬ್ದವಿಲ್ಲದ ದೋಷ ಇದು, ಒಂದು ದಿನ ರಾಜೀನಾಮೆ ಪತ್ರವಾಗಿ ಬರುತ್ತದೆ. "ಹೇಗಿದೆ?" ಅಂದರೆ "ಚೆನ್ನಾಗಿದೆ" ಅಂತಲೇ ಬರುವುದು, ಹಾಗಾಗಿ ಪ್ರಶ್ನೆ ಬದಲಿಸಿ. "ಈ ವಾರ ಯಾವ ಕೆಲಸ ಅನಗತ್ಯವಾಗಿ ತಡವಾಯಿತು?" "ಇಲ್ಲಿಗೆ ಬರುವ ಮುಂಚೆ ಗೊತ್ತಿದ್ದರೆ ಚೆನ್ನಾಗಿತ್ತು ಅನ್ನಿಸಿದ್ದು ಏನು?" "ಯಾರ ಜೊತೆ ಮಾತಾಡಲು ಇನ್ನೂ ಸಂಕೋಚ?" ಇವಕ್ಕೂ ಏನಿಲ್ಲ, ಏನಿಲ್ಲ ಅಂದರೆ ಇನ್ನೂ ನಿಮ್ಮನ್ನು ನಂಬಿಲ್ಲ ಅಂತ ತಿಳಿಯಿರಿ. ಒಂದು ಚಿಕ್ಕ ದೂರು ಬಂದರೂ ಸಾಕು, ಅದನ್ನು ಆ ವಾರವೇ ಸರಿಮಾಡಿ. ದೊಡ್ಡದು ಆಮೇಲೆ ತಾನಾಗಿ ಬರುತ್ತದೆ.

ಲಕ್ಷಣ: ತಂಡದ ಒಳ್ಳೆಯವರು ಬಿಟ್ಟು ಹೋಗುತ್ತಿದ್ದಾರೆ

ಇಲ್ಲಿ ಅಗ್ಗದ ತಪಾಸಣೆ ಅಂತ ಕಾಯಬೇಡಿ. ಹೋಗುತ್ತಿರುವವರ ಜೊತೆ ಅದೇ ವಾರ ಮಾತಾಡಿ, ಹೊಸಬರ ಮೂಲಕ ಅಲ್ಲ, ನೇರವಾಗಿ. ಹೊಸಬರು ಬರುವ ಮುಂಚೆಯೇ ಬೇರೆ ಕೆಲಸ ಹುಡುಕುತ್ತಿದ್ದರೇ? ಹೊಸಬರ ಸಂಬಳ ತಿಳಿದು ಮನಸ್ಸು ಮುರಿಯಿತೇ? ಅಥವಾ ಹೊಸಬರ ನಡತೆ ಕಾರಣವೇ? ಮೊದಲೆರಡರ ಹೊಣೆ ಹೊಸಬರದ್ದಲ್ಲ.

ಎಚ್ಚರಿಕೆ: ಬೈಗುಳ, ಬೆದರಿಕೆ, ಲೈಂಗಿಕ ಕಿರುಕುಳ, ಜಾತಿ ಧರ್ಮ ಹಿಡಿದು ಹೀಯಾಳಿಸುವುದು, ಇಂಥ ಮಾತು ಒಬ್ಬರಿಂದ ಬಂದರೂ ಈ ಕೈಪಿಡಿ ಮುಚ್ಚಿಡಿ. ಅದು ಹೊಂದಾಣಿಕೆಯ ಸಮಸ್ಯೆಯಲ್ಲ. ನಿಮ್ಮ ಸಂಸ್ಥೆಯ ದೂರು ಸಮಿತಿ ಮತ್ತು ವಕೀಲರ ಬಳಿಗೆ ಅವತ್ತೇ ಹೋಗಬೇಕಾದ ವಿಷಯ. ನೀವೇ ಇಬ್ಬರನ್ನೂ ಕೂರಿಸಿ ರಾಜಿ ಮಾಡಿಸಲು ಹೋಗಬೇಡಿ. ದೂರು ಕೊಟ್ಟವರ ಹೆಸರು ಹೊರಬೀಳದಂತೆ ನೋಡಿಕೊಳ್ಳಿ.

ಲಕ್ಷಣ: ಹಳೆಯ ಕಂಪನಿಯ ಕಾಗದಪತ್ರ ಇಲ್ಲಿ ಕಾಣಿಸುತ್ತಿವೆ

ಬೇಗ ಗೆದ್ದು ತೋರಿಸುವ ಒತ್ತಡದಲ್ಲಿ ಕೆಲವರು ಹಿಂದಿನ ಕಂಪನಿಯ ಗ್ರಾಹಕರ ಪಟ್ಟಿ, ಬೆಲೆ ಪಟ್ಟಿ, ವಿನ್ಯಾಸ, ಕೋಡ್ ತಂದುಬಿಡುತ್ತಾರೆ. ಎಷ್ಟೋ ಸಲ ನಾವೇ ಬಾಯಿಬಿಟ್ಟು ಕೇಳಿರುತ್ತೇವೆ. ಕಂಡ ಕೂಡಲೇ ನಿಲ್ಲಿಸಿ. ಆ ಫೈಲುಗಳನ್ನು ತೆರೆಯಬೇಡಿ, ಯಾರಿಗೂ ಕಳಿಸಬೇಡಿ, ಗಾಬರಿಯಲ್ಲಿ ಅಳಿಸಲೂ ಬೇಡಿ. ಅಳಿಸಿದರೆ ಸಾಕ್ಷ್ಯ ನಾಶ ಅಂತ ಕಾಣಬಹುದು. ಮೊದಲು ವಕೀಲರನ್ನು ಕೇಳಿ. ಚಾಲಕರಿಲ್ಲದ ಕಾರು ಮಾಡುವ ವೇಮೋ 2017ರ ಫೆಬ್ರವರಿಯಲ್ಲಿ ಉಬರ್ ಮೇಲೆ ಕೇಸು ಹಾಕಿದ್ದು ಇಂಥದ್ದಕ್ಕೇ. ತನ್ನಲ್ಲಿದ್ದು ಆಮೇಲೆ ಉಬರ್ ಸೇರಿದ ಇಂಜಿನಿಯರ್ ಗುಟ್ಟಿನ ಫೈಲುಗಳನ್ನು ತೆಗೆದುಕೊಂಡು ಹೋದರು ಅನ್ನುವುದು ಆರೋಪ. ಮರುವರ್ಷ ಉಬರ್ ಸುಮಾರು 24.5 ಕೋಟಿ ಡಾಲರ್ ಬೆಲೆಯ ಷೇರು ಕೊಟ್ಟು ರಾಜಿ ಮಾಡಿಕೊಂಡಿತು. ಅಷ್ಟು ಹೊತ್ತಿಗೆ ಆ ಇಂಜಿನಿಯರ್‌ನನ್ನು ಉಬರ್ ಕೆಲಸದಿಂದ ತೆಗೆದೂ ಆಗಿತ್ತು.

ಎಲ್ಲ ನೋಡಿ ಆಯಿತು, ಇನ್ನೂ ಸರಿಯಾಗಿಲ್ಲ

ಈಗ ಆಯ್ಕೆಯ ಪ್ರಶ್ನೆ. ಮೊದಲು ಪ್ರೊಬೇಷನ್ ಯಾವತ್ತು ಮುಗಿಯುತ್ತದೆ ಅಂತ ನೇಮಕ ಪತ್ರ ತೆಗೆದು ನೋಡಿ. ಆ ದಿನ ದಾಟಿದರೆ ನೋಟಿಸ್ ಅವಧಿ, ಪರಿಹಾರ ಎರಡೂ ಬದಲಾಗಬಹುದು. ಕೊನೆಯ ದಿನದ ಹಿಂದಿನ ಸಂಜೆ ತೀರ್ಮಾನ ಮಾಡುವವರನ್ನು ಬಹಳ ನೋಡಿದ್ದೇನೆ. ಆ ಸಂಜೆ ತೆಗೆದುಕೊಂಡ ತೀರ್ಮಾನದಲ್ಲಿ ಯೋಚನೆ ಕಡಿಮೆ, ಆತುರ ಜಾಸ್ತಿ.

ಅವರಿಗೆ ನೇರವಾಗಿ ಹೇಳಿ. ಏನು ನಡೆಯುತ್ತಿಲ್ಲ, ಯಾವ ದಿನಾಂಕದೊಳಗೆ ಏನು ಕಾಣಬೇಕು, ನೀವು ಏನು ಸಹಾಯ ಕೊಡುತ್ತೀರಿ, ಮೂರನ್ನೂ ಬರಹದಲ್ಲಿ ಕೊಡಿ. ಇದನ್ನು ಕೇಳಿ ಅವರು ಬೆಚ್ಚಿಬಿದ್ದರೆ ಇಷ್ಟು ದಿನ ನೀವು ಏನೂ ಹೇಳಿಲ್ಲ ಅಂತ ಅರ್ಥ. ಹಾಗಿದ್ದರೆ ಗಡುವು ಇಂದಿನಿಂದ ಲೆಕ್ಕ ಹಾಕಿ. ಇಬ್ಬರ ನಡುವೆ ಮಾತೇ ಸಾಗದಷ್ಟು ಬಿಗಿಯಾಗಿದ್ದರೆ ಹೊರಗಿನ ಅನುಭವಸ್ಥ ಕೋಚ್ ಒಬ್ಬರನ್ನು ಕರೆಸಿ. ಆದರೆ ಕಳಿಸುವುದು ಅಂತ ಮನಸ್ಸಿನಲ್ಲಿ ಆಗಲೇ ತೀರ್ಮಾನಿಸಿದ್ದರೆ ಕೋಚ್ ಬೇಡ, ಅದು ಮೂವರಿಗೂ ಮೋಸ.

ಕಳಿಸುವುದೇ ಆದರೆ ಕಾರ್ಮಿಕ ಕಾನೂನು ಬಲ್ಲವರಿಗೆ ಪತ್ರ ತೋರಿಸಿ ಆಮೇಲೆ ಮಾತಾಡಿ. ಹೋಗುವ ಮುಂಚೆ ಅವರನ್ನೇ ಕೇಳಿ: ಈ ಕುರ್ಚಿಗೆ ಮುಂದೆ ಬರುವವರಿಗೆ ಮೊದಲ ದಿನ ಏನು ಹೇಳಬೇಕು? ಆ ಉತ್ತರವನ್ನು ಹೊಸ ಜಾಹೀರಾತು ಹಾಕುವ ಮುಂಚೆ ಓದಿ. ಅದರಲ್ಲಿ ನಿಮ್ಮ ಹೆಸರು ಪದೇ ಪದೇ ಬಂದಿದ್ದರೆ ಜಾಹೀರಾತು ಸ್ವಲ್ಪ ದಿನ ನಿಲ್ಲಲಿ. ಯಾರು ಏನು ತೀರ್ಮಾನಿಸುತ್ತಾರೆ ಅನ್ನುವ ಆ ಒಂದು ಪುಟವನ್ನು ಮೊದಲು ಬರೆದು ಮುಗಿಸಿ.